ಕಾರಿನ ಫ್ಯಾನು ಮತ್ತು ಮಸ್ಕಿಯ ವೈಂಡಿಂಗ್ ಅಂಗಡಿ

ಸಿಂಧನೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಉಷ್ಣದ ಪಾಠವೆಂದರೆ ನನಗೆ ವಿಶೇಷ ಪ್ರೀತಿ. ಉಷ್ಣ ಹೇಗೆ ಹರಿಯುತ್ತದೆ, ನೀರು ಯಾವಾಗ ಕುದಿಯುತ್ತದೆ, ಒತ್ತಡ ಹೆಚ್ಚಿದರೆ ಕುದಿಯುವ ಬಿಂದು ಏಕೆ ಮೇಲೇರುತ್ತದೆ ಎಂಬುದನ್ನೆಲ್ಲ ಪುಸ್ತಕ ತೆರೆಯದೆ ಹೇಳಬಲ್ಲೆ. ಹಾಗಾಗಿ ನನ್ನ ಸ್ವಂತ ಕಾರಿನ ಎಂಜಿನ್ ಮೊದಲ ಸಲ ಕುದಿಯತೊಡಗಿದಾಗ ನಾನು ಮಾಡಿದ ಮೊಟ್ಟಮೊದಲ ಕೆಲಸವೆಂದರೆ ಉಷ್ಣ ತೋರಿಸುವ ಮುಳ್ಳಿನ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿದ್ದು. ಮುಳ್ಳು ಇಳಿಯಲಿಲ್ಲ. ಇನ್ನೊಂದು ಸಲ ತಟ್ಟಿದೆ.

ಕಾರು ಸೆಕೆಂಡ್ ಹ್ಯಾಂಡ್. ಮಾರಿದವನು ಕೊಡುವಾಗ ‘ಡಾಕ್ಟರ್ ಕಾರು ಸರ್, ಭಾಳ ನಾಜೂಕಾಗಿ ಇಟ್ಟಿದ್ರು’ ಎಂದಿದ್ದ. ನಮ್ಮ ಕಡೆ ಮಾರಾಟಕ್ಕೆ ಬರುವ ಹಳೆಯ ಕಾರುಗಳೆಲ್ಲ ಡಾಕ್ಟರುಗಳದ್ದೇ. ಆ ಲೆಕ್ಕದಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಹೆಚ್ಚಿರಬೇಕು.

ರೋಗದ ಲಕ್ಷಣ ಸ್ಪಷ್ಟವಾಗಿತ್ತು. ಊರ ಹೊರಗೆ ರಸ್ತೆ ಖಾಲಿಯಿದ್ದಾಗ ಕಾರು ತಣ್ಣಗೆ ಓಡುತ್ತಿತ್ತು. ಊರೊಳಗೆ, ಅಕ್ಕಿ ಗಿರಣಿಗೆ ಹೋಗುವ ಲಾರಿಗಳ ಸಾಲಿನಲ್ಲಿ ಸಿಕ್ಕಿ ನಿಂತರೆ ಮುಳ್ಳು ಮೇಲೇರುತ್ತಿತ್ತು. ಓಡುವಾಗ ಗಾಳಿ ತಾನಾಗಿ ರೇಡಿಯೇಟರಿಗೆ ಬಡಿಯುತ್ತದೆ, ನಿಂತಾಗ ಆ ಗಾಳಿಯನ್ನು ಫ್ಯಾನು ಎಳೆದುಕೊಳ್ಳಬೇಕು. ಹಾಗಾದರೆ ಫ್ಯಾನು ತಿರುಗುತ್ತಿಲ್ಲ ಎಂದು ಹೇಳಲು ಪದವಿ ಬೇಕಿರಲಿಲ್ಲ. ನನ್ನ ಬಳಿ ಸ್ನಾತಕೋತ್ತರ ಪದವಿಯೇ ಇತ್ತು. ಅದನ್ನು ಬಳಸಿ ನಾನು ಬಂದ ತೀರ್ಮಾನವೆಂದರೆ, ಈ ಕಾರಿಗೆ ಊರು ಒಗ್ಗುವುದಿಲ್ಲ.

ನನ್ನ ಹೆಂಡತಿ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಹೊಲಿಗೆ ಯಂತ್ರದ ಸದ್ದು ಸ್ವಲ್ಪ ಬದಲಾದರೂ ಅವಳ ಕಿವಿ ಹಿಡಿಯುತ್ತದೆ. ಒಂದು ಸಂಜೆ ಅವಳೇ ಹೇಳಿದಳು.

“ಮೊದ್ಲ ನೀವು ಗಾಡಿ ಬಂದ್ ಮಾಡಿದ ಮ್ಯಾಲೂ ಒಳಗ ಏನೋ ಗೊಂಯ್ ಅಂತ ತಿರುಗತಿತ್ತು. ಈಗ ತಿಂಗಳಾತು, ಅದು ಕೇಳಂಗಿಲ್ಲ.”

“ಅದು ಬ್ಯಾರೆ,” ಎಂದೆ ನಾನು.

“ಏನು ಬ್ಯಾರೆ?”

“ಅದು ನಿನಗ ತಿಳಿಯಂಗಿಲ್ಲ, ಬಿಡು.”

ನನಗೂ ತಿಳಿದಿರಲಿಲ್ಲ ಎಂಬುದನ್ನು ಆ ವಾಕ್ಯದಲ್ಲಿ ಸೇರಿಸಲಿಲ್ಲ.

ಕಾಲೇಜಿನ ಸ್ಟಾಫ್ ರೂಮಿನಲ್ಲಿ ವಿಷಯ ಚರ್ಚೆಗೆ ಬಂತು. ರಸಾಯನಶಾಸ್ತ್ರದವರು ತಪ್ಪೆಲ್ಲ ದ್ರವದ್ದು ಎಂದರು. ಅರ್ಥಶಾಸ್ತ್ರದವರು ಮಾರಿಬಿಡಿ ಎಂದರು. ಅವರು ಯಾವ ಸಮಸ್ಯೆಗೂ ಅದನ್ನೇ ಹೇಳುತ್ತಾರೆ. ಕೊನೆಗೆ ಒಬ್ಬ ಮೆಕ್ಯಾನಿಕ್ಕನ ಬಳಿ ಹೋದೆ. ಅವನು ಬಾನೆಟ್ ಎತ್ತಿ, ಎಂಜಿನ್ನಿನಿಂದ ಒಂದು ಪುಟ್ಟ ವಾಲ್ವ್ ಕಿತ್ತು ನನ್ನ ಅಂಗೈಯಲ್ಲಿಟ್ಟ.

“ಇದು ಥಂಡಿ ದೇಶದವ್ರಿಗೆ ಮಾಡಿದ್ದು ಸರ್. ನಮ್ಮ ಬಿಸಿಲಿಗೆ ಇದರ ಜರೂರತ್ತೇ ಇಲ್ಲ.”

ಎಂಜಿನ್ನಿನ ಉಷ್ಣವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅದು. ಅದರ ಚಿತ್ರವನ್ನು ನಾನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಆದರೂ ‘ಹೌದಲ್ಲ’ ಎಂದು ತಲೆಯಾಡಿಸಿ ಅದನ್ನು ಜೇಬಿಗೆ ಹಾಕಿಕೊಂಡು ಬಂದೆ. ಎರಡನೆಯ ಮೆಕ್ಯಾನಿಕ್ಕು ರೇಡಿಯೇಟರಿನ ಮುಚ್ಚಳ ಬದಲಿಸಿದ. ಮೂರನೆಯವನು ಎಂಜಿನ್ನನ್ನೇ ಬಿಚ್ಚಬೇಕು, ಒಂದು ವಾರ ಬಿಟ್ಟು ಹೋಗಿ ಎಂದ. ಅವನು ಹೇಳಿದ ರೀತಿ ಎಷ್ಟು ಗಂಭೀರವಾಗಿತ್ತೆಂದರೆ ಮನೆಗೆ ಬಂದು ಹತ್ತಿರದ ಬಂಧುಗಳಿಗೆ ಫೋನ್ ಮಾಡಬೇಕೇನೋ ಅನ್ನಿಸಿತು. ಮೂವರಲ್ಲಿ ಒಬ್ಬನೂ ಫ್ಯಾನಿನ ಕಡೆ ನೋಡಲಿಲ್ಲ. ನಾನೂ ತೋರಿಸಲಿಲ್ಲ.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗಳ ಪೂಜೆ ಮಾಡುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು. ಬೀದಿಯಲ್ಲಿ ನಿಂತು ಅದನ್ನೆಲ್ಲ ಮಾಡುವವನಲ್ಲ. ಕಾರನ್ನು ಹಿತ್ತಲಿಗೆ ಒಯ್ದು ಮಾಡುತ್ತಿದ್ದೆ. ಬಾನೆಟ್ ಎತ್ತಿ, ಒಳಗೆ ಕುಂಕುಮವಿಟ್ಟು, ಕಾಯಿ ಒಡೆದು ಅದರ ನೀರನ್ನು ಎಂಜಿನ್ನಿನ ಮುಂಭಾಗಕ್ಕೆ ತೀರ್ಥದಂತೆ ಚಿಮುಕಿಸುತ್ತಿದ್ದೆ. ಯಾರಾದರೂ ಕಂಡರೆ ‘ಮನೆಯವಳ ಸಮಾಧಾನಕ್ಕೆ’ ಎನ್ನುತ್ತಿದ್ದೆ. ಮನೆಯವಳು ಒಂದು ದಿನವೂ ಹಾಗೆ ಮಾಡಲು ಹೇಳಿದವಳಲ್ಲ. ಕಾರು ಕುದಿಯಲು ಶುರುವಾದ ಮೇಲಂತೂ ಒಂದು ಕಾಯಿ ಎರಡಾಯಿತು.

ಹೀಗಿರುವಾಗ ಲಿಂಗಸುಗೂರಿನ ಒಂದು ಮಹಿಳಾ ಕಾಲೇಜಿನಿಂದ ಕರೆ ಬಂತು. ಅಲ್ಲಿಯ ವಿಜ್ಞಾನ ಸಂಘದ ಉದ್ಘಾಟನೆ. ನಾನು ಉದ್ಘಾಟಿಸಿ ಒಂದು ಗಂಟೆ ಉಪನ್ಯಾಸ ಕೊಡಬೇಕು. ವಿಷಯ: ‘ನಿತ್ಯಜೀವನದಲ್ಲಿ ವೈಜ್ಞಾನಿಕ ಮನೋಭಾವ’. ತಕ್ಷಣ ಒಪ್ಪಿಕೊಂಡೆ. ನಾಲ್ಕು ರಾತ್ರಿ ಕೂತು ಹದಿನಾರು ಪುಟ ಬರೆದೆ. ಮೂಢನಂಬಿಕೆಯ ಬಗ್ಗೆಯೇ ಐದು ಪುಟಗಳಿದ್ದವು.

“ಬಸ್ಸಿಗೆ ಹೋಗೋಣ,” ಎಂದಳು ಹೆಂಡತಿ. ಅವಳ ಅಕ್ಕನ ಮನೆ ಲಿಂಗಸುಗೂರಿನಲ್ಲಿದೆ, ಅವಳೂ ಹೊರಟಿದ್ದಳು.

“ಉದ್ಘಾಟಕರು ಬಸ್ಸಿನಾಗ ಬರ್ತಾರೇನು?”

“ಉದ್ಘಾಟಕರು ಬರೋದು ಮುಖ್ಯನೋ, ಕಾರು ಬರೋದು ಮುಖ್ಯನೋ?”

ನಾನು ಹಿಂದಿನ ಸೀಟಿನಲ್ಲಿ ಎಂಟು ಬಾಟಲಿ ನೀರು ಜೋಡಿಸಿದೆ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಕಾರ್ಯಕ್ರಮ ಹನ್ನೊಂದಕ್ಕೆ. ಮುಂಗಾರು ಭತ್ತದ ಕಟಾವಿನ ಕಾಲ. ನವೆಂಬರು ಬಂದರೂ ನಮ್ಮಲ್ಲಿ ಬಿಸಿಲಿಗೆ ರಜೆ ಇರುವುದಿಲ್ಲ. ಊರು ದಾಟಿದ ಮೇಲೆ ಮುಳ್ಳು ಅರ್ಧದಲ್ಲಿ ನಿಂತು ಸಭ್ಯವಾಗಿ ವರ್ತಿಸಿತು. ನಾನು ಸ್ಟೀರಿಂಗ್ ಹಿಡಿದೇ ಭಾಷಣದ ಮೊದಲ ಪುಟ ಒಪ್ಪಿಸಿದೆ. ಅಷ್ಟರಲ್ಲಿ ರಸ್ತೆಯ ಅರ್ಧ ಭಾಗ ಭತ್ತ ಒಣಹಾಕಿದ ಜಾಗ ಬಂತು. ಉಳಿದರ್ಧದಲ್ಲಿ ಮುಂದೆ ಕಟಾವು ಯಂತ್ರವೊಂದು ಮದುವೆ ಮೆರವಣಿಗೆಯ ವೇಗದಲ್ಲಿ ಹೋಗುತ್ತಿತ್ತು. ಅದನ್ನು ದಾಟುವಂತಿಲ್ಲ, ಪಕ್ಕಕ್ಕೆ ಸರಿದರೆ ಯಾರದೋ ಆರು ತಿಂಗಳ ಅನ್ನದ ಮೇಲೆ ಗಾಲಿ ಹಾಯುತ್ತದೆ. ಮುಳ್ಳು ಮೇಲೇರತೊಡಗಿತು.

ಎಂಜಿನ್ ಕುದಿಯುವಾಗ ಹೀಟರ್ ಹಾಕಿದರೆ ಒಳಗಿನ ಉಷ್ಣ ಸ್ವಲ್ಪ ಹೊರಬರುತ್ತದೆ ಎಂದು ಎಲ್ಲೋ ಓದಿದ್ದೆ. ಅದು ನಿಜ. ಉಷ್ಣ ಹೊರಬಂದು ನಮ್ಮಿಬ್ಬರ ಮುಖಕ್ಕೇ ಬಡಿಯಿತು.

“ಏನ್ರೀ ಇದು?” ಎಂದಳು ಹೆಂಡತಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

“ಹೀಟರು.”

“ರಾಯಚೂರು ಜಿಲ್ಲಾದಾಗ?”

“ವೈಜ್ಞಾನಿಕವಾಗಿ ಇದು ಸರಿ ಐತಿ.”

ಅವಳು ಕಿಟಕಿ ಇಳಿಸಿ ಹೊರಗೆ ಮುಖ ಹಾಕಿ ಕುಳಿತಳು. ಮಸ್ಕಿ ತಲುಪುವ ಹೊತ್ತಿಗೆ ನನ್ನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಂದು ಅಲ್ಲಿ ಸಂತೆಯ ದಿನವೆಂದು ನನಗೆ ನೆನಪಿರಲಿಲ್ಲ. ಮೆಣಸಿನಕಾಯಿ ಚೀಲ, ಕುರಿ, ತಳ್ಳುಗಾಡಿ, ಟಂಟಂ ಆಟೋಗಳ ನಡುವೆ ಕಾರು ಹೆಜ್ಜೆ ಹೆಜ್ಜೆ ಇಟ್ಟಿತು. ಮುಳ್ಳು ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಎರಡೂ ಸಂದಿಗಳಿಂದ ಬುಸ್ ಎಂದು ಹಬೆ ಎದ್ದಿತು. ಎಂಜಿನ್ ಆರಿಸಿ, ಜನರು ತಳ್ಳಿಕೊಟ್ಟ ಮೇಲೆ ರಸ್ತೆಯ ಅಂಚಿನ ಒಂದು ಅಂಗಡಿಯ ಮುಂದೆ ನಿಂತೆವು.

ಅದು ಪಂಪ್‌ಸೆಟ್ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿಕೊಡುವ ವೈಂಡಿಂಗ್ ಅಂಗಡಿ. ಹೊರಗೆ ಬಳಗಾನೂರು, ತುರ್ವಿಹಾಳ ಕಡೆಯಿಂದ ಬಂದ ಸುಟ್ಟ ಮೋಟಾರುಗಳು ಸಾಲಾಗಿ ಕುಳಿತಿದ್ದವು. ಒಳಗೆ ಐವತ್ತರ ಆಸುಪಾಸಿನ ಒಬ್ಬ ಮುಸ್ಲಿಂ ಹೆಂಗಸು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ತೊಡೆಯ ಮೇಲೆ ಮೋಟಾರಿನ ಹೊಟ್ಟೆಯನ್ನಿಟ್ಟುಕೊಂಡು ತಂತಿ ತುಂಬುತ್ತಿದ್ದರು. ಅವರು ತಲೆಯೆತ್ತಿ ಕಾರನ್ನು ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಎರಡು ನಿಮಿಷದಲ್ಲಿ ಕಾರಿನ ಸುತ್ತ ಹದಿನೈದು ಜನ ಸೇರಿದರು. ಎಲ್ಲರಿಗೂ ಕಾರಣ ಗೊತ್ತಿತ್ತು.

“ಎಣ್ಣಿ ಕಮ್ಮಿ ಆಗ್ಯಾದ.”

“ಎಣ್ಣಿ ಅಲ್ಲ ಲೇ, ಬ್ಯಾಟ್ರಿ ಕುದಿಯಾಕತ್ತೈತಿ.”

“ಯಾರ್ದೋ ಕಣ್ಣು ಬಿದ್ದಾವ್ರೀ. ನಿಂಬಿಹಣ್ಣು ಕಟ್ಟೀರೇನು?”

ನಾನು ಆ ಕೊನೆಯವನ ಕಡೆ ತಿರಸ್ಕಾರದಿಂದ ನೋಡಿದೆ. ಐದು ಪುಟ ಬರೆದವನು ನಾನು. ಜನರ ಎದುರು ವಿಜ್ಞಾನದ ಮಾನ ಕಾಪಾಡಬೇಕೆನ್ನಿಸಿತು. ಬಾನೆಟ್ ಎತ್ತಿ, ಕರವಸ್ತ್ರ ಸುತ್ತಿದ ಕೈಯನ್ನು ರೇಡಿಯೇಟರಿನ ಮುಚ್ಚಳದ ಮೇಲಿಟ್ಟು ತಿರುಗಿಸಲು ಹೋದೆ.

“ನಕ್ಕೋ! ನಕ್ಕೋ! ಏ, ಕೈ ತಗೀರಿ!”

ಅಂಗಡಿಯೊಳಗಿಂದ ಬಂದ ಆ ಕೂಗಿಗೆ ನನ್ನ ಕೈ ತಾನಾಗಿ ಹಿಂದೆ ಬಂತು. ಹೆಂಗಸು ಮೋಟಾರನ್ನು ಕೆಳಗಿಟ್ಟು ಹೊರಗೆ ಬಂದಿದ್ದರು.

“ಕುಕ್ಕರ್ ಸೀಟಿ ಹೊಡಿಯಾಕತ್ತಾಗ ಮುಚ್ಚಳ ತಗೀತೀರೇನು ಮನ್ಯಾಗ? ಮಾರಿ ಬೆಂದು ಹೋಗ್ತದ! ತಣ್ಣಗಾಗೋ ತನಕ ಯಾರೂ ಮುಟ್ಟಬ್ಯಾಡ್ರಿ.”

ಕುಕ್ಕರ್ ನನ್ನದೇ ಉದಾಹರಣೆ. ಒತ್ತಡದಲ್ಲಿ ನೀರು ನೂರು ಡಿಗ್ರಿ ದಾಟಿಯೂ ಕುದಿಯದೆ ಕಾಯುತ್ತದೆ, ಮುಚ್ಚಳ ತೆಗೆದೊಡನೆ ಒಮ್ಮೆಲೆ ಚಿಮ್ಮುತ್ತದೆ ಎಂದು ಇಪ್ಪತ್ತೆರಡು ಬ್ಯಾಚಿನ ಹುಡುಗರಿಗೆ ನಾನು ಕುಕ್ಕರ್ ತೋರಿಸಿಯೇ ಹೇಳಿದ್ದೇನೆ. ಕರವಸ್ತ್ರ ಬಿಚ್ಚಿ ಜೇಬಿಗಿಟ್ಟೆ. ಆ ಹೆಂಗಸು ಒಂದು ಮರದ ಸ್ಟೂಲು ಎಳೆದುಕೊಟ್ಟರು. ಕುಳಿತೆ. ಹೆಂಡತಿಗೆ ಒಳಗೆ ಕುರ್ಚಿ ಸಿಕ್ಕಿತು, ಹಿಂದೆಯೇ ಚಹಾವೂ ಬಂತು.

ಫೋನ್ ರಿಂಗಾಯಿತು. ಲಿಂಗಸುಗೂರಿನ ಕಾರ್ಯಕ್ರಮದ ಸಂಚಾಲಕಿ.

“ಸರ್, ಎಲ್ಲಿದ್ದೀರಿ?”

“ಮಸ್ಕಿ ದಾಟಿದೆ ಮೇಡಂ.”

ಪಕ್ಕದಲ್ಲೇ ಒಬ್ಬ ಟಂಟಂನವನು ‘ಮಸ್ಕಿ ಬಸ್‌ಸ್ಟ್ಯಾಂಡ್, ಮಸ್ಕಿ ಬಸ್‌ಸ್ಟ್ಯಾಂಡ್’ ಎಂದು ಕೂಗುತ್ತಿದ್ದ. ಫೋನಿಗೆ ಕೈ ಅಡ್ಡ ಹಿಡಿದೆ.

ಮುಕ್ಕಾಲು ಗಂಟೆ ಕಳೆದ ಮೇಲೆ ಹೆಂಗಸು ಬಂದು ರೇಡಿಯೇಟರಿನ ಮೇಲೆ ಹಿಂಗೈ ಇಟ್ಟು ನೋಡಿದರು. ಮುಚ್ಚಳವನ್ನು ಬಟ್ಟೆಯಿಂದ ಹಿಡಿದು ಸ್ವಲ್ಪ ಸ್ವಲ್ಪವೇ ಸಡಿಲಿಸಿ ತೆಗೆದರು. ನನ್ನ ಎಂಟು ಬಾಟಲಿಗಳಲ್ಲಿ ಐದು ಒಳಗಿಳಿದವು.

“ನನಗ ಕಾರು ತಿಳಿಯಂಗಿಲ್ಲ,” ಎಂದರು ಅವರು. “ಮೋಟಾರ್ ತಿಳೀತದ. ಇಲ್ಲಿ ಮುಂದ ಫ್ಯಾನ್ ಐತಿ. ಫ್ಯಾನಿಗೆ ಮೋಟಾರ್ ಐತಿ. ಇದು ತಿರುಗತೈತೋ ಇಲ್ಲೋ, ನೋಡೀರೇನು?”

“ಇಲ್ಲ,” ಎಂದೆ.

“ಯಾರೂ ನೋಡಿಲ್ಲ?”

“ನಾ ಹೇಳಿದ್ದೆ, ಗೊಂಯ್ ಅನ್ನಂಗಿಲ್ಲ ಅಂತ,” ಎಂದಳು ಹೆಂಡತಿ ಒಳಗಿನಿಂದ. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ನೋಡಿದರು. ಆ ನೋಟದಲ್ಲಿ ನನ್ನ ಬಗ್ಗೆ ಒಂದು ಸಣ್ಣ ಸಭೆ ನಡೆದು ನಿರ್ಣಯವೂ ಅಂಗೀಕಾರವಾದಂತೆ ಕಂಡಿತು.

“ಮೋಟಾರ್ ತಿರುಗಲಿಲ್ಲ ಅಂದ್ರ ಎರಡೇ ಮಾತು,” ಎಂದರು ಅವರು. “ಮೋಟಾರ್ ಸತ್ತಿರಬೇಕು, ಇಲ್ಲಾ ಕರೆಂಟ್ ಮುಟ್ಟಿರಬಾರದು. ಮೊದ್ಲ ಯಾವುದು ಅಂತ ನೋಡೋಣು. ರೈತ ಮೋಟಾರ್ ಹೊತ್ಕೊಂಡು ಬಂದ ಕೂಡ್ಲೇ ನಾ ಬಿಚ್ಚಂಗಿಲ್ಲ. ಅರ್ಧ ಮಂದಿದು ಮೋಟಾರ್ ಚಲೋನ ಇರ್ತದ, ವೈರ್ ಕಡದಿರ್ತದ.”

ಫ್ಯಾನಿನ ವೈರುಗಳು ಸೇರುವ ಪ್ಲಗ್ಗನ್ನು ಬಿಡಿಸಿದರು. ಎರಡು ಉದ್ದ ವೈರು ತಂದು ಕಾರಿನ ಬ್ಯಾಟರಿಯಿಂದ ನೇರವಾಗಿ ಫ್ಯಾನಿನ ಮೋಟಾರಿಗೆ ಮುಟ್ಟಿಸಿದರು. ಫ್ಯಾನು ಭರ್ರೆಂದು ತಿರುಗಿತು. ರೇಡಿಯೇಟರಿನಿಂದ ಭತ್ತದ ಹೊಟ್ಟು ಹಾರಿ ನನ್ನ ಮುಖಕ್ಕೆ ಬಿತ್ತು. ಸುತ್ತಲಿನ ಜನ ‘ಹೋ’ ಎಂದರು.

“ಮೋಟಾರ್ ಜಿಂದಾ ಐತಿ,” ಎಂದರು. ಮೂವರು ಮೆಕ್ಯಾನಿಕ್ಕುಗಳಿಗೂ ಒಬ್ಬ ಸ್ನಾತಕೋತ್ತರ ಪದವೀಧರನಿಗೂ ಎರಡು ತಿಂಗಳಲ್ಲಿ ತಿಳಿಯದಿದ್ದದ್ದು ಎರಡು ನಿಮಿಷದಲ್ಲಿ ತಿಳಿದಿತ್ತು.

ನಂತರ ಒಂದು ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿದ್ದನ್ನು ತಂದರು. ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಹಿಡಿದು, ಇನ್ನೊಂದನ್ನು ಫ್ಯೂಸಿನ ಎರಡೂ ಕಡೆ ಒಂದೊಂದಾಗಿ ಮುಟ್ಟಿಸಿದರು, ಎರಡೂ ಸಲ ಬಲ್ಬು ಹತ್ತಿತು. ಫ್ಯೂಸು ಸರಿಯಿದೆ. ಎಂಜಿನ್ ಚಾಲೂ ಮಾಡಿ ಬಿಸಿಯಾಗಲು ಬಿಡಿ ಎಂದರು. ಮುಳ್ಳು ಏರುವುದನ್ನು ಕಾಯುತ್ತ ಕುಳಿತೆ. ಅದು ಏರಲಿ ಎಂದು ನಾನು ಬಯಸಿದ್ದು ಅದೊಂದೇ ಸಲ. ಅರ್ಧಕ್ಕಿಂತ ತುಸು ಮೇಲೆ ಬಂದಾಗ ಎಲ್ಲೋ ಒಂದು ‘ಟಿಕ್’ ಸದ್ದಾಯಿತು, ಬಿಸಿಯಾದಾಗ ಫ್ಯಾನಿಗೆ ಕರೆಂಟು ಬಿಡುವ ಸ್ವಿಚ್ಚಿನದು. ಅವರು ಪ್ಲಗ್ಗಿನ ಒಂದು ವೈರಿಗೆ ಬಲ್ಬಿನ ಒಂದು ತುದಿ ಹಚ್ಚಿ, ಇನ್ನೊಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದರು. ಬಲ್ಬು ಹತ್ತಿತು.

“ಹಾಂ. ಕರೆಂಟ್ ಇಲ್ಲೀ ತನಕ ಬಂದದ.”

ಈಗ ಅದೇ ತುದಿಯನ್ನು ಬ್ಯಾಟರಿಯಿಂದ ತೆಗೆದು ಪ್ಲಗ್ಗಿನದೇ ಎರಡನೆಯ ವೈರಿಗೆ ಮುಟ್ಟಿಸಿದರು. ಬಲ್ಬು ಹತ್ತಲಿಲ್ಲ.

“ಬಂದ ಕರೆಂಟಿಗೆ ತಿರುಗಿ ಹೋಗಾಕ ದಾರಿ ಇಲ್ಲ,” ಎಂದರು. “ಅರ್ತ್ ಹೋಗ್ಯಾದ. ಎಂಜಿನ್ ಬಂದ್ ಮಾಡ್ರಿ.”

ಆ ಎರಡನೆಯ ವೈರನ್ನು ಬೆರಳಿನಿಂದ ಹಿಡಿದು ಹಿಂಬಾಲಿಸಿದರು. ಅದು ರೇಡಿಯೇಟರಿನ ಪಕ್ಕದಲ್ಲಿ, ಕಾರಿನ ಮೈಗೆ ಒಂದು ಬೋಲ್ಟಿನಿಂದ ಕಟ್ಟಿಕೊಂಡಿತ್ತು. ಬೋಲ್ಟು ಕಾಣುತ್ತಿರಲಿಲ್ಲ. ಅದರ ಮೇಲೆ ಹಸಿರು ಕಿಲುಬು ಅಣಬೆಯಂತೆ ಬೆಳೆದಿತ್ತು. ಅವರು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿದರು. ಸ್ಕ್ರೂಡ್ರೈವರಿನ ತುದಿಯಿಂದ ಕೆರೆದು ಏನನ್ನೋ ಎತ್ತಿ ಹಿಡಿದರು. ಎರಡೆಳೆ ತೆಂಗಿನ ನಾರು. ಅದಕ್ಕೆ ಕುಂಕುಮ ಅಂಟಿತ್ತು.

“ಇದೇನ್ರಿ ಇದು?”

“ಗೊತ್ತಿಲ್ಲ,” ಎಂದೆ. “ರಸ್ತ್ಯಾಗಿಂದು ಬಂದಿರಬೇಕು.”

“ರಸ್ತ್ಯಾಗ ಕುಂಕುಮ?”

“ಅಮಾಸಿಗೊಮ್ಮೆ ಕಾಯಿ ಒಡೀತಾರ,” ಎಂದಳು ಹೆಂಡತಿ, ಎರಡನೆಯ ಚಹಾದ ಬಟ್ಟಲು ಕೆಳಗಿಟ್ಟು. “ನೀರು ಇದರೊಳಗ ಹಾಕ್ತಾರ. ಇತ್ತಿತ್ಲಾಗ ಎರಡು ಕಾಯಿ.”

ಸುತ್ತಲಿದ್ದ ಹದಿನೈದು ಜನರಲ್ಲಿ ಒಬ್ಬರೂ ನಗಲಿಲ್ಲ. ಅವರೆಲ್ಲರೂ ಅದನ್ನೇ ಮಾಡುವವರಾಗಿದ್ದರು. ನಿಂಬೆಹಣ್ಣಿನವನು ಮಾತ್ರ ನನ್ನನ್ನು ತನ್ನವನಂತೆ ನೋಡಿ ತಲೆಯಾಡಿಸಿದ. ಅದು ನಗುವುದಕ್ಕಿಂತ ಕಷ್ಟವಾಗಿತ್ತು.

“ಕಾಯಿ ಒಡೀರಿ, ನಾ ಬ್ಯಾಡ ಅನ್ನಂಗಿಲ್ಲ,” ಎಂದರು ಆ ಹೆಂಗಸು ಮೆತ್ತಗೆ. “ನಾವೂ ದರ್ಗಾಕ್ಕ ಹೋದಾಗ ಒಡೀತೀವಿ. ಗಾಲಿ ಮುಂದ ಒಡೀರಿ, ನೆಲಕ್ಕ ಹಾಕ್ರಿ. ಕಾಯಿ ನೀರಾಗ ಉಪ್ಪು ಇರ್ತದ. ಕಬ್ಬಿಣ ತಿಂತದ, ತಾಮ್ರ ತಿಂತದ. ನೀವು ಇದಕ್ಕ ಪೂಜಾ ಮಾಡಿಲ್ಲ, ಊಟಕ್ಕ ಹಾಕೀರಿ.”

ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ವೈರಿನ ತುದಿ ಕತ್ತರಿಸಿ ಹೊಸ ತುದಿ ಹಾಕುತ್ತಿರುವಾಗ ಅವರು ಸಹಜವಾಗಿ ಕೇಳಿದರು.

“ಏನು ಕೆಲಸ ಮಾಡ್ತೀರಿ ಸರ್?”

ಹೆಂಡತಿ ನನ್ನ ಕಡೆ ನೋಡಿದಳು. ಅಲ್ಲಿ ಅಷ್ಟು ಜನ ನಿಂತಿದ್ದರು. ಹಸಿರು ಕಿಲುಬು ಹತ್ತಿದ ತೆಂಗಿನ ನಾರು ಇನ್ನೂ ಫೆಂಡರಿನ ಮೇಲೆ ಬಿದ್ದಿತ್ತು. ನನ್ನ ವಿಷಯದ ಮರ್ಯಾದೆ ಉಳಿಸುವ ಏಕೈಕ ದಾರಿ ನನಗೆ ಆ ಕ್ಷಣಕ್ಕೆ ಹೊಳೆಯಿತು.

“ಕಾಲೇಜಿನಾಗ ಕನ್ನಡ ಲೆಕ್ಚರರ್,” ಎಂದೆ.

ಹೆಂಡತಿಗೆ ಎಂಜಲು ನೆತ್ತಿಗೇರಿ ಕೆಮ್ಮು ಬಂತು.

“ಯಾ ಅಲ್ಲಾ, ಭಾಳ ಚಲೋ ಆತು!” ಎಂದರು ಅವರು, ಕೈಯ ಕೆಲಸ ನಿಲ್ಲಿಸಿ. “ನನಗೊಂದು ಅರ್ಜಿ ಬರ್ಕೊಡ್ರಿ ಸರ್. ರೊಕ್ಕ ಗಿಕ್ಕ ಏನೂ ಬ್ಯಾಡ. ಈ ಓಣ್ಯಾಗ ವೋಲ್ಟೇಜ್ ಇಲ್ಲ, ವೈಂಡಿಂಗ್ ಆದ ಮೋಟಾರ್ ಟೆಸ್ಟ್ ಮಾಡಾಕ ಬರವಲ್ದು. ಕರೆಂಟ್ ಆಫೀಸಿಗೆ ಮೂರು ಸಲ ಬಾಯಿಲೆ ಹೇಳೀನಿ, ಅರ್ಜಿ ತಾ ಅಂತಾರ. ನಾ ಏಳನೇತ್ತೆ ತನಕ ಕಲ್ತೀನಿ. ನೀವು ಕನ್ನಡದವರು, ಜೋರಾಗಿ ಬರೀರಿ.”

ಹತ್ತನೆಯ ತರಗತಿಯ ನಂತರ ನಾನು ಕನ್ನಡದಲ್ಲಿ ಬರೆದದ್ದು ರಜಾ ಚೀಟಿಗಳು ಮತ್ತು ಆ ಹದಿನಾರು ಪುಟಗಳು ಮಾತ್ರ. ಆದರೂ ಹಿಂದೆ ಸರಿಯುವಂತಿರಲಿಲ್ಲ. ಸ್ಟೂಲಿನ ಮೇಲೆ ಹಾಳೆಯಿಟ್ಟುಕೊಂಡು ಬರೆದೆ: ‘ಮಾನ್ಯರೇ, ಈ ಮೂಲಕ ತಮ್ಮ ದಿವ್ಯ ಸನ್ನಿಧಾನಕ್ಕೆ ವಿನಮ್ರನಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಬೀದಿಯ ವಿದ್ಯುದ್ವಿಭವಾಂತರವು ಅತ್ಯಂತ ಶೋಚನೀಯ ಕ್ಷೀಣಾವಸ್ಥೆಯನ್ನು ಹೊಂದಿರುವ ಪ್ರಯುಕ್ತ...’ ಹೀಗೆ ಒಂದೂವರೆ ಪುಟ.

ಹೆಂಡತಿ ಹಿಂದಿನಿಂದ ಬಗ್ಗಿ ಓದಿದಳು. “ವಿನಮ್ರಳಾಗಿ ಅಂತ ಬರೀರಿ. ಅವರು ಹೆಣ್ಮಗಳು,” ಎಂದು ಕಿವಿಯಲ್ಲಿ ಹೇಳಿದಳು. ತಿದ್ದಿದೆ. ಫೋನ್ ಮತ್ತೆ ರಿಂಗಾಯಿತು.

“ಸರ್, ಎಲ್ಲಿಗೆ ಬಂದಿರಿ?”

“ಬಂದೇಬಿಟ್ಟೆ ಮೇಡಂ, ಊರು ಕಾಣ್ತಿದೆ.”

ಊರು ಕಾಣುತ್ತಿತ್ತು. ಮಸ್ಕಿ.

ವೈರು ಕಟ್ಟಿ ಮುಗಿದ ಮೇಲೆ ಎಂಜಿನ್ ಚಾಲೂ ಮಾಡಿ ಎಲ್ಲರೂ ಫ್ಯಾನಿನ ಎದುರು ನಿಂತೆವು. ಮುಳ್ಳು ನಿಧಾನವಾಗಿ ಏರಿತು. ‘ಟಿಕ್’ ಎಂದಿತು. ಫ್ಯಾನು ಗೊಂಯ್ ಎಂದು ತಿರುಗಿತು. ಮುಳ್ಳು ಏರುವುದನ್ನು ನಿಲ್ಲಿಸಿ, ಒಂದು ಕ್ಷಣ ಯೋಚಿಸಿದಂತೆ ಮಾಡಿ, ಕೆಳಗಿಳಿಯಿತು. ಫ್ಯಾನು ತಾನಾಗಿ ನಿಂತಿತು. ಜನರಿಗೆ ನಿರಾಸೆಯಾಯಿತು, ಇನ್ನೂ ದೊಡ್ಡದೇನೋ ಆಗಬಹುದೆಂದು ಸಂತೆ ಬಿಟ್ಟು ನಿಂತಿದ್ದರು. ನಾನು ಜೇಬಿಗೆ ಕೈ ಹಾಕಿದರೆ ಆ ಹೆಂಗಸು ತಡೆದರು. ಅರ್ಜಿಯೇ ಸಾಕೆಂದರು. ಅದನ್ನು ಮಡಚಿ ಮೋಟಾರಿನ ವಾಷರುಗಳ ಡಬ್ಬಿಯಲ್ಲಿ ಭದ್ರವಾಗಿಟ್ಟರು.

ಲಿಂಗಸುಗೂರು ಮುಟ್ಟಿದಾಗ ಒಂದು ಗಂಟೆಯಾಗಿತ್ತು. ವಿದ್ಯಾರ್ಥಿನಿಯರಿಗೆ ಸ್ವಾಗತಗೀತೆಯನ್ನು ಎರಡು ಸಲ ಹಾಡಿಸಿ, ಸಾಮಾನ್ಯ ಜ್ಞಾನದ ಸ್ಪರ್ಧೆ ಮಾಡಿಸಿ, ಆಮೇಲೆ ಏನೂ ತೋಚದೆ ಸುಮ್ಮನೆ ಕೂರಿಸಿದ್ದರು. ನನ್ನ ಅಂಗಿಯ ತುಂಬ ಗ್ರೀಸಿನ ಕಲೆ. ಮೈಕಿನ ಮುಂದೆ ನಿಂತು ಹದಿನಾರು ಪುಟ ತೆಗೆದರೆ, ಮೊದಲ ಸಾಲಿನ ಹುಡುಗಿಯರ ಕಣ್ಣುಗಳು ಆಗಲೇ ಮುಚ್ಚುತ್ತಿದ್ದವು. ಕಾಗದಗಳನ್ನು ಮಡಚಿಟ್ಟೆ.

“ಇವತ್ತು ಬರುವಾಗ ದಾರಿಯಲ್ಲಿ ನನ್ನ ಕಾರು ಕೆಟ್ಟಿತು,” ಎಂದು ಶುರು ಮಾಡಿದೆ. ಕಣ್ಣುಗಳು ತೆರೆದವು. “ಮೋಟಾರು ತಿರುಗುತ್ತಿಲ್ಲ ಎಂದರೆ ಎರಡೇ ಪ್ರಶ್ನೆ. ಮೋಟಾರು ಕೆಟ್ಟಿದೆಯೋ, ವಿದ್ಯುತ್ತು ತಲುಪುತ್ತಿಲ್ಲವೋ? ಮೊದಲು ನಾನು ಬ್ಯಾಟರಿಯಿಂದ ನೇರವಾಗಿ ಮೋಟಾರಿಗೆ ಸಂಪರ್ಕ ಕೊಟ್ಟೆ...”

ಆ ‘ನಾನು’ ಬಾಯಿಂದ ಅಷ್ಟು ಸರಾಗವಾಗಿ ಬಂತು. ಒಮ್ಮೆ ಬಂದ ಮೇಲೆ ಅದರ ಹಿಂದೆ ಉಳಿದ ‘ನಾನು’ಗಳೂ ಸಾಲುಗಟ್ಟಿದವು. ಬಲ್ಬು ಹಿಡಿದವನು ನಾನು, ಕಿಲುಬು ಕಂಡವನು ನಾನು. ತೆಂಗಿನಕಾಯಿಯ ನೀರನ್ನು ‘ಯಾರೋ ಹಿಂದಿನ ಮಾಲೀಕರು’ ಹಾಕಿದ್ದರು. ಪಾಪದ ಆ ಡಾಕ್ಟರು. ಚಪ್ಪಾಳೆ ಜೋರಾಗಿಯೇ ಬಿತ್ತು. ಹಿಂದಿನ ಸಾಲಿನಲ್ಲಿ ಅಕ್ಕನ ಜೊತೆ ಕುಳಿತಿದ್ದ ನನ್ನ ಹೆಂಡತಿ ಚಪ್ಪಾಳೆ ತಟ್ಟಲಿಲ್ಲ. ವಾಪಸು ಬರುವಾಗ ಸಿಂಧನೂರಿನ ತನಕ ಸೆರಗು ಹೊದ್ದು ಕಣ್ಣು ಮುಚ್ಚಿ ಕುಳಿತಳು. ಫ್ಯಾನು ಮಾತ್ರ ಆಗಾಗ ಗೊಂಯ್ ಎನ್ನುತ್ತಿತ್ತು.

ಸುದ್ದಿ ನನಗಿಂತ ಮುಂಚೆ ಸ್ಟಾಫ್ ರೂಮು ತಲುಪಿತು. ‘ಉಪನ್ಯಾಸಕ್ಕೆ ಹೊರಟವರು ದಾರಿಯಲ್ಲಿ ಸ್ವತಃ ಕಾರು ರಿಪೇರಿ ಮಾಡಿದರಂತೆ’ ಎಂದು ಆಯಿತು. ಮರುವಾರ ರಸಾಯನಶಾಸ್ತ್ರದವರು ತಮ್ಮ ಸ್ಕೂಟರಿನ ಸೆಲ್ಫ್ ಹತ್ತುತ್ತಿಲ್ಲವೆಂದು ಕೀಲಿಯನ್ನೇ ನನ್ನ ಮೇಜಿನ ಮೇಲಿಟ್ಟು ಹೋದರು. ಅದಾದ ಮೇಲೆ ಪ್ರಿನ್ಸಿಪಾಲರ ಮನೆಯ ನೀರಿನ ಮೋಟಾರು ಸುಟ್ಟಿತು.

“ನೀವಿರುವಾಗ ನಮಗ್ಯಾಕ ಚಿಂತಿ?” ಎಂದರು ಪ್ರಿನ್ಸಿಪಾಲರು.

ಒಂದು ಭಾನುವಾರ ಆ ಸುಟ್ಟ ಮೋಟಾರನ್ನು ಕಾರಿನಲ್ಲಿ ಹಾಕಿಕೊಂಡು ಒಬ್ಬನೇ ಮಸ್ಕಿಗೆ ಹೋದೆ. ಅಂಗಡಿಯ ಮುಂದೆ ನಿಂತು, ಯಾವ ಪೀಠಿಕೆಯೂ ಇಲ್ಲದೆ ಹೇಳಿಬಿಟ್ಟೆ.

“ಅಮ್ಮಾ, ನಾ ಕನ್ನಡ ಲೆಕ್ಚರರ್ ಅಲ್ಲ. ಫಿಜಿಕ್ಸ್ ಕಲಿಸ್ತೀನಿ. ಕರೆಂಟ್, ಮೋಟಾರ್, ಎಲ್ಲಾ ನಂದೇ ಪಾಠ. ಮ್ಯಾಲೆ ಲಿಂಗಸುಗೂರಿನಾಗ ನೀವು ಮಾಡಿದ್ದನ್ನ ನಾ ಮಾಡಿದೆ ಅಂತ ಹೇಳೀನಿ.”

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬಯ್ಯುತ್ತಾರೆಂದುಕೊಂಡೆ. ನಗುವಿಗೆ ಅವರ ಭುಜ ಮೆಲ್ಲಗೆ ಕುಲುಕತೊಡಗಿತು.

“ಕನ್ನಡದವರಲ್ಲ ಅಂತ ಆ ಅರ್ಜಿ ಕೊಟ್ಟ ದಿನಾನ ಗೊತ್ತಾತು ಸರ್. ಆಫೀಸಿನಾಗ ನಾಕು ಮಂದಿ ಕೂತು ಓದಿದ್ರು. ಏನು ಬೇಕಾಗೇತಿ ಅಂತ ಒಬ್ಬರಿಗೂ ತಿಳೀಲಿಲ್ಲ. ಇದೇನು ದೊಡ್ಡ ಕೇಸ್ ಇರಬೇಕು ಅಂತ ಅಂಜಿ ಲೈನ್‌ಮನ್ನ ಖುದ್ದು ಕಳ್ಸಿದ್ರು. ಬಂದಾಂವನ್ನ ಬಿಡ್ಲಿಲ್ಲ ನಾನು. ಕಂಬ ಹತ್ತಿಸಿ ಜೋಡಣಿ ಬಿಗಿ ಮಾಡಿಸೀನಿ. ಈಗ ವೋಲ್ಟೇಜ್ ಭೇಷ್ ಐತಿ.”

ನಾನು ಕಲಿಸಿದ ವಿದ್ಯೆಯಿಂದ ಯಾರಿಗಾದರೂ ವಿದ್ಯುತ್ತು ತಲುಪಿದೆಯೋ ಗೊತ್ತಿಲ್ಲ. ಕಲಿಯದ ಕನ್ನಡದಿಂದ ತಲುಪಿತ್ತು. ಲಿಂಗಸುಗೂರಿನ ವಿಷಯಕ್ಕೆ ಅವರು ಒಂದೇ ಮಾತು ಹೇಳಿದರು.

“ಹುಡುಗ್ಯಾರಿಗೆ ತಿಳೀತಿಲ್ಲೋ? ತಿಳೀತಂದ್ರ ಆತು. ಆದ್ರ ಅವರು ಕೈಲೆ ಮಾಡಿ ನೋಡಿಲ್ಲಲ್ಲ.”

ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು. ನಮ್ಮ ಕಾಲೇಜಿಗೆ ಬಂದು ಒಂದು ತರಗತಿ ತೆಗೆದುಕೊಳ್ಳಿ ಎಂದು ಕೇಳಿದೆ. ಅವರು ನಕ್ಕು ತಳ್ಳಿಹಾಕಿದರು. ಎರಡನೆಯ ಸಲ ಹೆಂಡತಿಯನ್ನು ಕರೆದುಕೊಂಡು ಹೋಗಿ ಕೇಳಿದೆ. ಅವಳು ಹೇಳಿದ ಮೇಲೆ ಒಪ್ಪಿದರು.

ಪ್ರಿನ್ಸಿಪಾಲರಿಗೆ ಇದು ಇಷ್ಟವಾಗಲಿಲ್ಲ. ಅತಿಥಿ ಉಪನ್ಯಾಸದ ಫಾರಂನಲ್ಲಿ ವಿದ್ಯಾರ್ಹತೆಯ ಕಾಲಂ ಇದೆ, ಅದರಲ್ಲಿ ಏಳನೆಯ ತರಗತಿ ಎಂದು ಬರೆದರೆ ಮೇಲಿನವರು ಏನೆಂದುಕೊಂಡಾರು ಎಂದರು. ನಾನು ಮೊದಲ ಬಾರಿಗೆ ಅವರ ಮುಂದೆ ಕುಳಿತು ಮಸ್ಕಿಯ ಕತೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ನಾರು, ಕುಂಕುಮ, ಎರಡು ಕಾಯಿ, ಯಾವುದನ್ನೂ ಬಿಡಲಿಲ್ಲ. ಅವರ ಮನೆಯ ಮೋಟಾರು ಯಾರ ಕೈಯಲ್ಲಿ ಸರಿಯಾಯಿತೆಂಬುದನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ತೆಗೆದು, “ನಾನೂ ನನ್ನ ಗಾಡಿಗೆ ಹಂಗ ಹಾಕ್ತೀನ್ರಿ ಕಾಯಿ ನೀರು” ಎಂದು ಸಣ್ಣ ದನಿಯಲ್ಲಿ ಹೇಳಿ ಫಾರಂಗೆ ಸಹಿ ಹಾಕಿದರು.

ಮಸ್ಕಿಯ ಆ ಹೆಂಗಸು ಬಂದ ದಿನ ಪ್ರಯೋಗಶಾಲೆಯ ಮೇಜಿನ ಮೇಲೆ ಒಂದು ಹಳೆಯ ಮೋಟಾರು, ಬ್ಯಾಟರಿ, ಬಲ್ಬು, ವೈರು ಇಟ್ಟುಕೊಂಡು ನಿಂತರು. ಮೊದಲ ಐದು ನಿಮಿಷ ಮೋಟಾರಿನ ಕಡೆಗೇ ನೋಡುತ್ತ ಮಾತಾಡಿದರು. ಆಮೇಲೆ ಒಬ್ಬ ಹುಡುಗಿಯನ್ನು ಕರೆದು ಅವಳ ಕೈಗೇ ವೈರು ಕೊಟ್ಟರು. “ಅಂಜಬ್ಯಾಡ, ಹನ್ನೆರಡು ವೋಲ್ಟ್ ಏನೂ ಮಾಡಂಗಿಲ್ಲ. ಮುಟ್ಸು. ಬಲ್ಬ್ ಹತ್ತಿತೋ? ಹತ್ತಲಿಲ್ಲೋ? ಯಾಕ ಹತ್ತಲಿಲ್ಲ, ನೀನ ಹೇಳು.”

ನಾನು ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ಬೆಂಚುಗಳು ಒಂದೊಂದಾಗಿ ಖಾಲಿಯಾಗಿ ಹುಡುಗರು, ಹುಡುಗಿಯರು ಮೇಜಿನ ಸುತ್ತ ಮುತ್ತಿಕೊಂಡರು. ಅರ್ಧ ಗಂಟೆಯಲ್ಲಿ ಆ ಹೆಂಗಸಿಗೆ ಬಂದಷ್ಟು ಪ್ರಶ್ನೆಗಳು ನನಗೆ ಒಂದು ವರ್ಷದಲ್ಲಿ ಬಂದಿಲ್ಲ. ಗಂಟೆ ಹೊಡೆಯಿತು, ಯಾರೂ ಕದಲಲಿಲ್ಲ. ಮುಂದಿನ ತರಗತಿ ರಸಾಯನಶಾಸ್ತ್ರ. ಅದರ ಮೇಷ್ಟ್ರು ಬಾಗಿಲಿಗೆ ಬಂದು ಇಣುಕಿ, ನನ್ನ ಪಕ್ಕದ ಖಾಲಿ ಬೆಂಚಿನಲ್ಲಿ ಬಂದು ಕುಳಿತರು. ಮುಂದೆ ಏನಾಗುತ್ತಿದೆ ಎಂದು ಇಬ್ಬರಿಗೂ ಕಾಣುತ್ತಿರಲಿಲ್ಲ, ಅಷ್ಟು ತಲೆಗಳು ಅಡ್ಡವಿದ್ದವು. ಸ್ವಲ್ಪ ಹೊತ್ತಾದ ಮೇಲೆ ನಾವಿಬ್ಬರೂ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಹತ್ತಿ ನಿಂತೆವು.